ಹೊಸ ಕಾರಿನ ಎಂಜಿನ್ ಕೈಕೊಟ್ಟರೆ ದೂರು ಸಲ್ಲಿಸುವುದು ಹೇಗೆ?

ಮೈಸೂರಿನ ಶೋರೂಮಿನಲ್ಲಿ ಕೊಂಡ ಕಾರು ಮದ್ದೂರಿನ ಮನೆಗೆ ಬಂದು ಎರಡು ತಿಂಗಳಾಗುವಷ್ಟರಲ್ಲಿ ಆಯಿಲ್ ಕುಡಿಯತೊಡಗಿದರೆ, ಏರಿನಲ್ಲಿ ಎಳೆಯಲಾರದೆ ನಿಂತರೆ, ಬಹಳಷ್ಟು ಮಾಲೀಕರು ಸರ್ವಿಸ್ ಸೆಂಟರಿಗೆ ಹೋಗಿ ಬಾಯಿಮಾತಿನಲ್ಲಿ ಹೇಳಿ, ‘ಸರಿಹೋಗುತ್ತೆ ಸರ್’ ಎಂಬ ಭರವಸೆಯನ್ನು ನಂಬಿ ಹಿಂದಿರುಗುತ್ತಾರೆ. ದೋಷವುಳ್ಳ ಹೊಸ ವಾಹನಗಳಿಗೆಂದೇ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಕೊಳ್ಳುವವರಿಗೆ ರಕ್ಷಣೆ ಇರುವುದು 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ. ಅಲ್ಲಿ ಬೇಕಾಗುವುದು ಕಾಗದ.

ಆದ್ದರಿಂದ ಮೊದಲು ಗಮನ ಕೊಡಬೇಕಾದದ್ದು ಜಾಬ್ ಕಾರ್ಡಿಗೆ, ಅಂದರೆ ಸರ್ವಿಸ್ ಸೆಂಟರಿನವರು ವಾಹನದ ದೋಷ ಮತ್ತು ಮಾಡಬೇಕಾದ ಕೆಲಸವನ್ನು ಬರೆದುಕೊಳ್ಳುವ ಹಾಳೆಗೆ. ಪ್ರತಿ ಸಲ ವಾಹನ ಒಪ್ಪಿಸುವಾಗ ‘ಜನರಲ್ ಚೆಕಪ್’ ಎಂದು ಬರೆಯಲು ಬಿಡದೆ, ‘ನೀಲಿ ಹೊಗೆ ಬರುತ್ತಿದೆ, ಪಿಕಪ್ ಇಲ್ಲ’ ಎಂಬಂತೆ ದೋಷವನ್ನೇ ಬರೆಸಿ, ದಿನಾಂಕ ಮತ್ತು ಓಡಿರುವ ಕಿಲೋಮೀಟರ್ ಸರಿಯಾಗಿದೆಯೇ ಎಂದು ನೋಡಿಕೊಂಡು ಪ್ರತಿ ಪಡೆಯಬೇಕು. ದೋಷ ಉಳಿದಿರುವಾಗ ‘ಕೆಲಸ ತೃಪ್ತಿಕರ’ ಎಂಬ ಸಾಲಿನ ಕೆಳಗೆ ಸಹಿ ಹಾಕಲೇಬಾರದು. ಮುಂದೆ ಎದುರು ಪಕ್ಷದ ವಕೀಲರು ಆ ಸಹಿಯನ್ನೇ ಎತ್ತಿ ತೋರಿಸುತ್ತಾರೆ. ನಿಗದಿತ ಸರ್ವಿಸ್‌ಗಳನ್ನು ತಪ್ಪಿಸಿದರೂ ವಾರಂಟಿಯ ಷರತ್ತು ಮುಂದಿಟ್ಟು ಕಂಪನಿ ಜಾರಿಕೊಳ್ಳಬಹುದು.

ಎರಡು ಮೂರು ಸಲದ ರಿಪೇರಿಗೂ ದೋಷ ಹೋಗದಿದ್ದರೆ ಡೀಲರ್ ಮತ್ತು ತಯಾರಕ ಕಂಪನಿ ಇಬ್ಬರಿಗೂ ಸ್ಪೀಡ್ ಪೋಸ್ಟ್ ಮೂಲಕ ನೋಟಿಸ್ ಕಳುಹಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರಬಹುದು, ಆದರೆ ಅದು ತೀರ್ಪು ಕೊಡುವ ಜಾಗವಲ್ಲ.

ತೀರ್ಪು ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬೇಕು. ಹೊಸ ಕಾಯ್ದೆಯಡಿ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ ಮದ್ದೂರಿನವರಿಗೆ ಮಂಡ್ಯದ ಆಯೋಗವೇ ಸಾಕು. ಪಾವತಿಸಿದ ಬೆಲೆ 50 ಲಕ್ಷ ರೂಪಾಯಿ ಮೀರಿರಬಾರದು. 5 ಲಕ್ಷದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ವಕೀಲರು ಕಡ್ಡಾಯವಲ್ಲ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕೆಂಬುದನ್ನು ಮಾತ್ರ ಮರೆಯಬಾರದು. ಸ್ವಂತ ಜೀವನೋಪಾಯಕ್ಕಾಗಿ ತಾವೇ ಟ್ಯಾಕ್ಸಿ ಓಡಿಸುವವರೂ ಗ್ರಾಹಕರೇ.

ಇಂಥ ಪ್ರಕರಣಗಳು ಹೆಚ್ಚಾಗಿ ಸೋಲುವುದು ತಜ್ಞರ ವರದಿ ಇಲ್ಲದೆ ಎಂಬುದು ನನ್ನ ಅಭಿಪ್ರಾಯ. ತಯಾರಿಕೆಯಲ್ಲೇ ದೋಷವಿತ್ತೆಂದು ತೋರಿಸುವ ಹೊಣೆ ಕೊಂಡವರದು. ಆದ್ದರಿಂದ ಪರಿಚಿತ ಮೆಕ್ಯಾನಿಕ್‌ನ ಚೀಟಿಯನ್ನು ನೆಚ್ಚಿಕೊಳ್ಳದೆ, ಕಾಯ್ದೆಯ 38ನೇ ಸೆಕ್ಷನ್ನಿನಡಿ ವಾಹನವನ್ನು ಪರೀಕ್ಷೆಗೆ ಒಳಪಡಿಸುವಂತೆ ದೂರಿನ ಜೊತೆಗೇ ಅರ್ಜಿ ಹಾಕಿ. ಪರೀಕ್ಷೆಯ ವೆಚ್ಚವನ್ನು ಮೊದಲು ನೀವೇ ಕಟ್ಟಬೇಕಾಗಬಹುದು. ಅಲ್ಲಿಯವರೆಗೆ ಹೊರಗಿನ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿಸಬೇಡಿ. ಬಿಚ್ಚಿದ ಎಂಜಿನ್‌ನಲ್ಲಿ ಯಾರ ತಪ್ಪು ಯಾವುದೆಂದು ಹೇಳುವುದು ತಜ್ಞರಿಗೂ ಕಷ್ಟ.

ಪರಿಹಾರ ಕೇಳುವಾಗ ಹೊಸ ಕಾರು ಅಥವಾ ಬಡ್ಡಿಸಹಿತ ಹಣ ವಾಪಸ್, ಅದಾಗದಿದ್ದರೆ ಹೊಸ ಎಂಜಿನ್, ಇವುಗಳೊಂದಿಗೆ ನಷ್ಟ ಪರಿಹಾರ ಎಂದು ಕ್ರಮವಾಗಿ ಬರೆಯಿರಿ. ಆದೇಶ ನಿಮ್ಮ ವಿರುದ್ಧ ಬಂದರೆ 45 ದಿನಗಳೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಕಂಪನಿ ಮೇಲ್ಮನವಿ ಹೋಗುವುದಾದರೆ ಆದೇಶವಾದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು.