ಕಲಬುರಗಿ ಬಿಸಿಲಿಗೆ ವಿಯೆಟ್ನಾಂ ಕಾಫಿ

ನಮ್ಮದು ಚಹಾದ ಊರು. ಹೊರಗೆ 43 ಡಿಗ್ರಿ ಬಿಸಿಲಿದ್ದರೂ ಕಲಬುರಗಿಯಲ್ಲಿ ಮನೆಗೆ ಬಂದವರಿಗೆ ನೀರು ಕೊಟ್ಟ ಮೇಲೆ ಚಾ ಕೊಡದೆ ಕಳಿಸುವುದಿಲ್ಲ. ಆದರೆ ಮೇ ತಿಂಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಬಿಸಿ ಚಹಾ ನನಗೆ ಗಂಟಲಲ್ಲಿ ಇಳಿಯುವುದಿಲ್ಲ, ಅದಕ್ಕೇ ಈ ಕಾಫಿ ಹಿಡಿದೆ.

ವಿಯೆಟ್ನಾಮಿನಲ್ಲಿ ಇದನ್ನು 'ಕಾಫೆ ಸುವಾ ದಾ' ಅಂತಾರೆ. ಕಾಫಿ, ಹಾಲು, ಐಸ್, ಅಷ್ಟೇ ಅರ್ಥ. ಕಾಫಿ ಗಿಡವನ್ನು 19ನೇ ಶತಮಾನದಲ್ಲಿ ಅಲ್ಲಿಗೆ ತಂದವರು ಫ್ರೆಂಚರು. ತಾಜಾ ಹಾಲು ಸಿಗುವುದು ಕಷ್ಟ, ಸಿಕ್ಕರೂ ಆ ಸೆಕೆಗೆ ಒಡೆದುಹೋಗುತ್ತಿತ್ತು, ಹಾಗಾಗಿ ಡಬ್ಬಿಯ ಕಂಡೆನ್ಸ್ಡ್ ಮಿಲ್ಕ್ ಹಾಕಿಕೊಂಡರು. ಕರೆಂಟ್ ಹೋಗಿ ಫ್ರಿಜ್ಜಿನ ಹಾಲು ಒಡೆದ ದಿನ ನಮಗೂ ಇದೇ ಗತಿ ಅಲ್ವಾ?

ಮೊದಲು ಪುಡಿ. ಅಲ್ಲಿ ಬೆಳೆಯುವುದು ಬಹುತೇಕ ರೋಬಸ್ಟಾ ಜಾತಿಯ ಕಾಫಿ. ಅದನ್ನು ಕಪ್ಪಗೆ ಹುರಿಯುತ್ತಾರೆ, ಕಹಿ ಜಾಸ್ತಿ. ಅಷ್ಟು ಕಹಿ ಇದ್ದರೇನೇ ಅಷ್ಟು ಸಿಹಿಗೆ ಸರಿ ಹೋಗುವುದು. ಕೊಡಗಿನಲ್ಲೂ ರೋಬಸ್ಟಾ ಬೇಕಾದಷ್ಟು ಬೆಳೆಯುತ್ತಾರೆ, ಆದರೆ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಚಹಾಪುಡಿ ಬಿಟ್ಟರೆ ಸಿಗುವುದು ಇನ್‌ಸ್ಟಂಟ್ ಪಾಕೀಟು. ನಾನು ಬೆಂಗಳೂರಿನಿಂದ ಬರುವವರ ಕೈಯಲ್ಲಿ ತರಿಸುತ್ತೇನೆ. ಚಿಕೋರಿ, ಅಂದರೆ ಒಂದು ಗಿಡದ ಬೇರು ಹುರಿದ ಪುಡಿ, ಬೆರೆತದ್ದಾದರೂ ನಡೆಯುತ್ತದೆ. ಅಮೆರಿಕಕ್ಕೆ ಹೋಗಿ ನೆಲೆಸಿದ ವಿಯೆಟ್ನಾಮಿನವರೇ ಎಷ್ಟೋ ಜನ ಚಿಕೋರಿ ಕಾಫಿಯಲ್ಲಿ ಇದನ್ನು ಮಾಡಿಕೊಳ್ಳುತ್ತಾರೆ, ನಾವೇಕೆ ಮಡಿ ಮಾಡಬೇಕು.

ಅವರ ಫಿಲ್ಟರಿಗೆ 'ಫಿನ್' ಅಂತ ಹೆಸರು. ಲೋಟದ ಮೇಲೆ ಸಣ್ಣ ಟೋಪಿ ಇಟ್ಟ ಹಾಗೆ ಕೂರುತ್ತದೆ, ಆನ್‌ಲೈನಿನಲ್ಲಿ ಸಿಗುತ್ತದೆ. ಅದರಲ್ಲಿ ಮಾಡುವುದಾದರೆ ಪುಡಿ ಸಣ್ಣ ರವೆಯಷ್ಟು ತರಿ ಇರಬೇಕು, ನುಣ್ಣಗಿದ್ದರೆ ತೂತು ಕಟ್ಟಿಕೊಂಡು ಹನಿ ಬೀಳುವುದೇ ಇಲ್ಲ. ಸುಮ್ನೆ ಖರ್ಚು ಯಾಕೆ ಅನ್ನುವವರಿಗೆ ನಮ್ಮ ಸ್ಟೀಲ್ ಫಿಲ್ಟರೇ ಸಾಕು. ಮಾಮೂಲಿ ಫಿಲ್ಟರ್ ಪುಡಿಯೇ ಅದಕ್ಕೆ ಸರಿ.

ಒಂದು ಗ್ಲಾಸಿಗೆ ದೊಡ್ಡ ಚಮಚದಲ್ಲಿ ನಾಲ್ಕು ಚಮಚ ಪುಡಿ, ಅಂದರೆ ಸುಮಾರು 20ರಿಂದ 25 ಗ್ರಾಂ. ನೀರು ಬರೀ 100 ಮಿಲಿ. ಎಲ್ಲರೂ ಎಡವುವುದು ಇಲ್ಲೇ. ಮೊದಲ ಸಲ ನಾನು ಎರಡು ಚಮಚ ಪುಡಿಗೆ ಲೋಟದ ತುಂಬ ನೀರು ಸುರಿದೆ, ಮೇಲೆ ಐಸ್ ಬೇರೆ, ಕೊನೆಗೆ ಕಾಫಿ ಪಾತ್ರೆ ತೊಳೆದ ನೀರಿನ ಹಾಗಾಗಿ ಅವ್ವ ಒಂದು ಗುಟುಕು ಕುಡಿದು "ಇದೇನಪಾ, ಕಾಫಿನೋ ಕಲಗಚ್ಚೋ?" ಅಂದಳು. ಐಸ್ ಕರಗಿ ನೀರಾಗುತ್ತದೆ ಅನ್ನುವ ಲೆಕ್ಕ ಹಿಡಿದೇ ಡಿಕಾಕ್ಷನ್ ಗಟ್ಟಿ ಇಳಿಸಬೇಕು.

ನೀರು ಕುದಿಸಿ, ಅರ್ಧ ನಿಮಿಷ ಬಿಡಿ. ಬೋರ್‌ವೆಲ್‌ನ ಸವಳು ನೀರು ಬೇಡ, ಕುಡಿಯುವ ನೀರೇ ಹಾಕಿ. ಪುಡಿಯನ್ನು ಹಗುರಾಗಿ ಒತ್ತಿ, ಮೊದಲು ಎರಡು ಚಮಚ ಬಿಸಿನೀರು ಚಿಮುಕಿಸಿ ಅರ್ಧ ನಿಮಿಷ ಕಾಯಿರಿ. ಪುಡಿ ಉಬ್ಬುತ್ತದೆ. ಆಮೇಲೆ ಉಳಿದ ನೀರು ಹಾಕಿ ಮುಚ್ಚಿಡಿ. ಫಿನ್‌ನಲ್ಲಿ ನಾಲ್ಕೈದು ನಿಮಿಷಕ್ಕೆ ಇಳಿಯುತ್ತದೆ, ಸ್ಟೀಲ್ ಫಿಲ್ಟರಿನಲ್ಲಿ ಹದಿನೈದು ಇಪ್ಪತ್ತು ನಿಮಿಷವಾದರೂ ಬೇಕು. ನೀರಿನಲ್ಲಿ ಅರ್ಧದಷ್ಟನ್ನು ಪುಡಿಯೇ ಕುಡಿದುಬಿಡುತ್ತದೆ, ಕಡಿಮೆ ಬಂತು ಅಂತ ಮತ್ತೆ ನೀರು ಸುರಿಯಬೇಡಿ.

ಗ್ಲಾಸಿನ ತಳಕ್ಕೆ ಎರಡು ದೊಡ್ಡ ಚಮಚ ಕಂಡೆನ್ಸ್ಡ್ ಮಿಲ್ಕ್. ಅದರಲ್ಲೇ ಹತ್ತಿರ ಹತ್ತಿರ 20 ಗ್ರಾಂ ಸಕ್ಕರೆ ಇರುತ್ತದೆ, ಬೇರೆ ಹಾಕುವ ಮಾತೇ ಇಲ್ಲ. ಅದರ ಮೇಲೆ ಬಿಸಿ ಡಿಕಾಕ್ಷನ್ ಸುರಿದು ತಳ ಮುಟ್ಟಿ ಕಲಸಿ. ಸ್ಟೀಲ್ ಫಿಲ್ಟರಿನಲ್ಲಿ ಅಷ್ಟು ಹೊತ್ತಿಗೆ ಡಿಕಾಕ್ಷನ್ ಆರಿರುತ್ತದೆ, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಿ. ಐಸ್ ಕೊನೆಗೇ ಹಾಕಬೇಕು. ಮೊದಲೇ ಹಾಕಿದರೆ ಹಾಲು ತಣ್ಣಗಾಗಿ ತಳಕ್ಕೆ ಅಂಟಿಕೊಂಡು ಮೇಲೆ ಬರೀ ಕಹಿ, ಕೆಳಗೆ ಬರೀ ಸಿಹಿ. ಇನ್ನೊಂದು ಗ್ಲಾಸಿನ ತುಂಬ ಐಸ್ ಹಾಕಿಟ್ಟುಕೊಂಡು ಅದಕ್ಕೆ ಸುರಿಯುವುದು ಇನ್ನೂ ಒಳ್ಳೆಯದು.

ಡಬ್ಬಿ ಸಿಗದಿದ್ದರೆ ಬಾಸುಂದಿ ಮಾಡುವ ಹಾಗೆ ಅರ್ಧ ಲೀಟರ್ ಎಮ್ಮೆ ಹಾಲಿಗೆ 150 ಗ್ರಾಂ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಬತ್ತಿಸಿ. ಏಲಕ್ಕಿ ಮಾತ್ರ ಬೇಡ. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ ಸೋಸಿಡಿ.

ಸಂಜೆ ಆರರ ಮೇಲೆ ಇದನ್ನು ನಾನು ಮುಟ್ಟುವುದಿಲ್ಲ. ನಿದ್ದೆ ಕೆಡಿಸುವ ಕೆಫೀನ್ ರೋಬಸ್ಟಾದಲ್ಲಿ ಕಾಫಿಯ ಇನ್ನೊಂದು ಜಾತಿ ಅರೇಬಿಕಾದಲ್ಲಿರುವುದರ ಹೆಚ್ಚುಕಡಿಮೆ ಎರಡರಷ್ಟು. ಮೊದಲೇ ಸೆಕೆಗೆ ನಿದ್ದೆ ಇಲ್ಲ. ಡಿಕಾಕ್ಷನ್ ಉಳಿದರೆ ಐಸ್ ಟ್ರೇಗೆ ಸುರಿದು ಫ್ರೀಜರಿಗೆ ಇಡುತ್ತೇನೆ. ಮರುದಿನ ನೀರಿನ ಐಸ್ ಬದಲು ಅದನ್ನೇ ಹಾಕಿಕೊಂಡರೆ ಕೊನೆಯ ಗುಟುಕಿನವರೆಗೂ ಕಾಫಿ ತೆಳ್ಳಗಾಗುವುದಿಲ್ಲ, ಕರೆಂಟ್ ಇದ್ದರೆ.