ಕಿಟಕಿ ಮುಚ್ಚಿಯೇ ಬೂಷ್ಟು ಓಡಿಸಿದ್ದು: ನನ್ನ ಅನುಭವ

ಗಾಳಿ ಆಡಲಿ, ಕಿಟಕಿ ತೆಗೆದಿಡಿ ಅಂತ ಹೇಳದವರಿಲ್ಲ. ಒಣ ಹವೆಗೆ ಅದು ಸರಿ. ಮಳೆಗಾಲದಲ್ಲಿ ಹೊರಗೆ 27 ಡಿಗ್ರಿ, ತೇವಾಂಶ ಶೇ. 90 ಇದ್ದರೆ ಆ ಗಾಳಿ 25 ಡಿಗ್ರಿಯ ಗೋಡೆ ಮುಟ್ಟಿದ ಕೂಡಲೇ ನೀರಾಗುತ್ತೆ. ಎಸಿ ಕೋಣೆಯ ಗೋಡೆ ಅದಕ್ಕಿಂತಲೂ ತಣ್ಣಗಿರುತ್ತೆ. ಹಾಗಾಗಿ ಕಿಟಕಿ ಮುಚ್ಚಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹಿಂಡೋ ಮೆಷಿನ್) ಹಾಕಿದೆ. ನಕ್ಕವರೆಲ್ಲ ಈಗ ಮಾಡೆಲ್ ಯಾವುದು ಅಂತ ಕೇಳುತ್ತಿದ್ದಾರೆ. (ಗ್ಯಾಸ್ ಒಲೆ ಉರಿಯುವಾಗ ಮಾತ್ರ ಕಿಟಕಿ ತೆಗೆದೇ ಇರಬೇಕು.)

ದುಡ್ಡು ಹಾಳಾಗಿದ್ದು ಹೆಚ್ಚಾಗಿ ಪೇಂಟಿಗೆ. ಬೂಷ್ಟು ನಿರೋಧಕ ಪೇಂಟನ್ನು ಇರೋ ಬೂಷ್ಟಿನ ಮೇಲೇ ಬಳಿದರೆ ಒಂದೇ ಮಳೆಗಾಲಕ್ಕೆ ಸಿಪ್ಪೆ ಸುಲಿದು ಬರುತ್ತೆ. ಆ ಪೇಂಟು, ಕೂಲಿ ಎಲ್ಲ ಕೂಡಿಸಿದರೆ ಮೆಷಿನ್ನೇ ಬರುತ್ತಿತ್ತು. ಬ್ಲೀಚ್ ಟೈಲ್ಸಿಗೆ ಸರಿ. ಗಾರೆ ಗೋಡೆಯಲ್ಲಿ ಕ್ಲೋರಿನ್ ಮೇಲ್ಮೈಯಲ್ಲೇ ಖಾಲಿಯಾಗಿ ಅದರ ನೀರು ಒಳಗಿಳಿಯುತ್ತೆ: ಕಲೆ ಮಾಯ, ಬೇರು ಭದ್ರ. ಬ್ಲೀಚಿಗೆ ವಿನೆಗರ್, ಟಾಯ್ಲೆಟ್ ಆಸಿಡ್ ಅಥವಾ ಅಮೋನಿಯಾ ಸೇರಿಸಿದರೆ ವಿಷಾನಿಲ ಏಳುತ್ತೆ.

ಮೆಷಿನ್ ತರೋ ಮುಂಚೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿ ಒಣಗಿಸಿದ ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಒಂದೆರಡು ದಿನ ಬಿಡಿ. ಹನಿ ಹಾಳೆಯ ಹಿಂದಿದ್ದರೆ ಗೋಡೆ ಸೋರುತ್ತಿದೆ ಅಂತ ಅರ್ಥ. ಹೊರಗಿನ ಬಿರುಕು, ಪೈಪು ಮೊದಲು ನೋಡಿ, ಇಲ್ಲದಿದ್ದರೆ ಮೆಷಿನ್ ದಂಡ. ಹನಿ ಮುಂಭಾಗದಲ್ಲಿದ್ದರೆ ಅದು ಕೋಣೆಯ ತೇವ.

ಒಣ ಬ್ರಷ್‌ನಲ್ಲಿ ಕೆರೆಯಬೇಡಿ, ಬೀಜಕಣ ಮನೆಯೆಲ್ಲ ಹರಡುತ್ತೆ. ಫ್ಯಾನ್ ಆಫ್ ಮಾಡಿ, ಬಾಗಿಲಿಗೆ ಪ್ಲಾಸ್ಟಿಕ್ ಕಟ್ಟಿ, ಎನ್95 ಮಾಸ್ಕ್, ಸೇಫ್ಟಿ ಕನ್ನಡಕ, ಗ್ಲೌಸ್ ಹಾಕಿ ಸೋಪಿನ ನೀರಲ್ಲಿ ಒರೆಸಿ. ಆಮೇಲೆ 3% ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಒರೆಸಿ. ಕೊನೆಗೆ ಬಿಸಿನೀರಿಗೆ ಲೀಟರಿಗೆ ಸುಮಾರು 40 ಗ್ರಾಂ ಬೋರಾಕ್ಸ್ (ಬಿಳಿಗಾರ) ಕರಗಿಸಿ ಹಚ್ಚಿ, ತೊಳೆಯದೆ ಬಿಡಿ. ಮಕ್ಕಳು, ಬೆಕ್ಕು ನಾಯಿ ಆ ಗೋಡೆ ನೆಕ್ಕದಂತೆ ನೋಡಿಕೊಳ್ಳಿ. ಸತ್ತ ಬೂಷ್ಟೂ ಅಲರ್ಜಿ ತರುತ್ತೆ, ಅದಕ್ಕೇ ಸ್ಪ್ರೇ ಹೊಡೆದು ಸುಮ್ಮನಾದರೆ ಸೀನು, ಉಬ್ಬಸ ನಿಲ್ಲೋದಿಲ್ಲ. ಆಸ್ತಮಾ ಇದ್ದವರು, ಕೀಮೋ ಅಥವಾ ಅಂಗಾಂಗ ಕಸಿ ಆದವರು ಈ ಕೆಲಸಕ್ಕೆ ಇಳಿಯಲೇಬಾರದು. ಬೂಷ್ಟು ಹಿಡಿದ ಹಾಸಿಗೆ, ರಟ್ಟಿನ ಡಬ್ಬ ಎಸೆಯಿರಿ.

ಬೆಚ್ಚನೆ ಹವೆಗೆ ಕಂಪ್ರೆಸರ್ ಮೆಷಿನ್ನೇ ಸರಿ, ಡೆಸಿಕಂಟ್ (ತೇವ ಹೀರೋ ವಸ್ತು ಬಳಸೋ) ಬಗೆಯದು ಕೋಣೆಯನ್ನು ಇನ್ನೂ ಬಿಸಿ ಮಾಡುತ್ತೆ. ಮೊದಮೊದಲು ದಿನಕ್ಕೆ ಹತ್ತು ಲೀಟರ್ ಹತ್ತಿರ ನೀರು ಬರುತ್ತಿತ್ತು, ಆಮೇಲೆ ನಾಲ್ಕೈದಕ್ಕೆ ಇಳಿಯಿತು. ಡ್ರೈನ್ ಪೈಪ್ ಹಾಕಿಬಿಡಿ, ಟ್ಯಾಂಕ್ ತುಂಬಿದರೆ ಮೆಷಿನ್ ನಿಂತುಬಿಡುತ್ತೆ. ತೇವಾಂಶ ಶೇ. 55ಕ್ಕೆ ಇಟ್ಟಿದ್ದೇನೆ. 45ಕ್ಕೆ ಇಟ್ಟರೆ ನಿಲ್ಲದೆ ಓಡಿ ಬಿಲ್ಲು ಏರುತ್ತೆ, ಬಾಗಿಲ ಮರ ಬೇರೆ ಬಿರಿಯಬಹುದು.

ಅಗ್ಗದ ತೇವಮಾಪಕ ಸುಳ್ಳು ಹೇಳುತ್ತೆ. ಮುಚ್ಚಳದಲ್ಲಿ ಉಪ್ಪು ಹಾಕಿ, ಹಸಿ ಮರಳಿನಷ್ಟು ಮಾತ್ರ ನೀರು ಬೆರೆಸಿ, ಮಾಪಕದ ಜೊತೆ ಬಿಗಿ ಡಬ್ಬದಲ್ಲಿಟ್ಟು ಒಂದು ದಿನ ಬಿಡಿ. 75 ತೋರಿಸಬೇಕು. ಎಷ್ಟು ಆಚೀಚೆ ಇದೆಯೋ ಅಷ್ಟು ಕೂಡಿಸಿ ಕಳೆದುಕೊಳ್ಳಿ. ಹೀಗೆ ಸರಿಪಡಿಸಿದ ಮಾಪಕ ಕೋಣೆ ನಡುವೆ 60, ಹೊರಗೋಡೆಗೆ ಅಂಟಿದ ವಾರ್ಡ್‌ರೋಬ್ ಹಿಂದೆ 82 ತೋರಿಸಿತು! ಬೂಷ್ಟು ಶುರುವಾಗೋದು ಅಲ್ಲೇ. ನಾಲ್ಕು ಇಂಚು ಮುಂದೆಳೆದು, ಕೆಳಗೆ ಕಾಲು ಕೊಟ್ಟ ಮೇಲೆ ಒಂದು ವಾರದೊಳಗೆ ಅರವತ್ತರ ಆಸುಪಾಸಿಗೆ ಬಂತು. ತೇವ ಹೀರೋ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಯನ್ನೂ ನೋಡಿದೆ: ಮುಚ್ಚಿದ ಕಪಾಟಿಗೆ ಓಕೆ, ಕೋಣೆಗೆ ಏನೂ ಸಾಲದು. ಅದರ ನೀರು ಚೆಲ್ಲಿದರೆ ಚರ್ಮದ ಬ್ಯಾಗು ಹೋಯಿತೆಂದೇ ಲೆಕ್ಕ.

ಗೋಡೆಗೆ ಕೊನೆಗೆ ಬಳಿದದ್ದು ಸುಣ್ಣ. ಹಳೇ ಅಕ್ರಿಲಿಕ್ ಪೇಂಟ್ ಪೂರ್ತಿ ಕೆರೆಯದಿದ್ದರೆ ಸುಣ್ಣ ಹಿಡಿಯೋದಿಲ್ಲ. ಹಾಲಿನಷ್ಟು ತೆಳ್ಳಗೆ, ನಾಲ್ಕು ಕೋಟ್, ಪ್ರತಿಸಲ ಗೋಡೆ ಒದ್ದೆ ಮಾಡಿಕೊಂಡು. ಕಣ್ಣಿಗೆ ಸೇಫ್ಟಿ ಕನ್ನಡಕ ಕಡ್ಡಾಯ. ಕೈಗೆ ಪುಡಿ ಅಂಟದಂತೆ ಅದಕ್ಕೆ ಏನು ಬೆರೆಸಿದೆ ಅನ್ನೋದನ್ನು ಸದ್ಯಕ್ಕೆ ಹೇಳೋದಿಲ್ಲ.