ಚಳಿಗೆ ಸೊರಗಿದ ಲಾನ್: ಶಿವರಾತ್ರಿಯಿಂದ ಯುಗಾದಿಯೊಳಗೆ ಮಾಡಬೇಕಾದ ಕೆಲಸ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅಂತಾರಲ್ಲ, ಮನೆ ಮುಂದೆ ಲಾನ್ ಇರುವವರು ಆ ಮಾತನ್ನೇ ಹಿಡಿದುಕೊಂಡು ಕೆಲಸಕ್ಕೆ ಇಳಿಯಬೇಕು. ವಿಜಯಪುರ, ಬಾಗಲಕೋಟೆಯಲ್ಲಿ ವಸಂತ ಅನ್ನುವುದು ಬಹಳ ಚಿಕ್ಕದು. ಚಳಿ ಹೋಯಿತು ಅನ್ನುವಷ್ಟರಲ್ಲಿ ಬಿಸಿಲು ನೆತ್ತಿ ಸುಡಲು ಶುರುವಾಗುತ್ತದೆ. ಹಾಗಾಗಿ ಕೆದರುವುದು, ತಗ್ಗಿಸಿ ಕತ್ತರಿಸುವುದು, ಗೊಬ್ಬರ ಹಾಕುವುದು, ಬೋಳು ಜಾಗ ತುಂಬುವುದು, ಈ ಎಲ್ಲ ದೊಡ್ಡ ಕೆಲಸ ಯುಗಾದಿಯೊಳಗೆ ಮುಗಿಯಬೇಕು. ಬೆಳಗಾವಿ ಎತ್ತರದಲ್ಲಿದೆ, ಬಿಸಿಲು ಸ್ವಲ್ಪ ತಡ. ಅಲ್ಲಿಯವರಿಗೆ ಇನ್ನೂ ಒಂದೆರಡು ವಾರ ಹೆಚ್ಚಿಗೆ ಸಿಗುತ್ತದೆ.

ಮೊದಲು ಹುಲ್ಲು ಸತ್ತಿದೆಯೋ, ಮಲಗಿದೆಯೋ ನೋಡಿ

ನಮ್ಮ ಕಡೆ ಹಾಕುವ ಹುಲ್ಲು ಮುಖ್ಯವಾಗಿ ಎರಡು. ಒಂದು ಗರಿಕೆ ಜಾತಿಯದು, ಇನ್ನೊಂದು ನರ್ಸರಿಯವರು ಮೆಕ್ಸಿಕನ್ ಗ್ರಾಸ್ ಅಂತ ಚೌಕ ಚೌಕವಾಗಿ ಕತ್ತರಿಸಿ ಮಾರುವುದು. ಎರಡೂ ಸೆಕೆ ಇಷ್ಟಪಡುವ ಹುಲ್ಲೇ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ತಂಪು 15 ಡಿಗ್ರಿಗಿಂತ ಕೆಳಗೆ ಇಳಿದರೆ ಇವುಗಳ ಬೆಳವಣಿಗೆ ಕುಂದುತ್ತದೆ, ಚಳಿ ಇನ್ನೂ ಹೆಚ್ಚಿದರೆ ಕಂದು ಬಣ್ಣಕ್ಕೆ ತಿರುಗುತ್ತವೆ. ಅದನ್ನು ನೋಡಿ ಗಾಬರಿಯಾಗಿ ಎಲ್ಲ ಅಗೆದು ಹೊಸದು ಹಾಕಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಹಳಷ್ಟು ಸಲ ಅದರ ಅಗತ್ಯವೇ ಇರುವುದಿಲ್ಲ.

ನೆಲಕ್ಕೆ ಕೂತು ಒಂದು ಬಳ್ಳಿ ಹಿಡಿದು ಮೆಲ್ಲಗೆ ಎಳೆಯಿರಿ. ಸುಮ್ನೆ ಕಿತ್ತು ಬಂದರೆ ಬೇರು ಹೋಗಿದೆ. ಗಟ್ಟಿಯಾಗಿ ನಿಂತರೆ ಆ ಬಳ್ಳಿಯ ಗೆಣ್ಣಿನ ಹತ್ತಿರ ಉಗುರಿನಿಂದ ಸ್ವಲ್ಪ ಕೆರೆಯಿರಿ. ಮೇಲೆ ಒಣಗಿ ಹೊಟ್ಟಿನಂತಿದ್ದರೂ ಒಳಗೆ ಬಿಳಿ ಅಥವಾ ತಿಳಿ ಹಸಿರು ಕಂಡು, ಬೆರಳಿಗೆ ಕೊಂಚ ತೇವ ತಾಗಿದರೆ ಹುಲ್ಲು ಬದುಕಿದೆ ಅಂತಲೇ ಅರ್ಥ. ನಾಲ್ಕೈದು ಕಡೆ ಹೀಗೆ ನೋಡಿ, ಸತ್ತ ಜಾಗಕ್ಕೆ ಮಾತ್ರ ಒಂದೊಂದು ಕಡ್ಡಿ ಚುಚ್ಚಿ ಗುರುತು ಮಾಡಿ.

ಕೆದರಿ, ಆಮೇಲೆ ಕತ್ತರಿಸಿ

ಕಬ್ಬಿಣದ ಹಲ್ಲಿನ ರೇಕ್ ತಗೊಂಡು ಒಣ ಹುಲ್ಲನ್ನು ಎಳೆಯಿರಿ. ನೆಲ ಒಣಗಿರಬೇಕು. ಎರೆಮಣ್ಣು, ಅಂದರೆ ನಮ್ಮ ಕಪ್ಪು ಮಣ್ಣು, ಹಸಿ ಇದ್ದಾಗ ಅದರ ಮೇಲೆ ಓಡಾಡಿದರೆ ಅಂಟು ಮಣ್ಣು ಕಾಲಿಗೂ ಮೆತ್ತುತ್ತದೆ, ನೆಲವೂ ಹೆಂಟೆಗಟ್ಟಿ ಬೇರಿಗೆ ಗಾಳಿ ಸಿಗುವುದಿಲ್ಲ. ಒಣ ಹುಲ್ಲಿನ ಪದರ ಅರ್ಧ ಇಂಚಿಗಿಂತ ದಪ್ಪ ಇದ್ದರೆ ನೀರು, ಗೊಬ್ಬರ ಎರಡೂ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಕೆದರಿ ಬಂದ ಕಸಕ್ಕೆ ಬೆಂಕಿ ಹಚ್ಚಬೇಡಿ, ಗೊಬ್ಬರದ ಗುಂಡಿಗೆ ಹಾಕಿ.

ಗರಿಕೆಯನ್ನು ಈ ಒಂದು ಸಲ ಧೈರ್ಯವಾಗಿ ತಗ್ಗಿಸಿ ಕತ್ತರಿಸಬಹುದು, ಒಂದು ಇಂಚಿನವರೆಗೂ ಸರಿ. ಬಿಸಿಲು ನೆಲಕ್ಕೆ ಬಿದ್ದು ಚಿಗುರು ಬೇಗ ಏಳುತ್ತದೆ. ಮೆಕ್ಸಿಕನ್ ಹುಲ್ಲಿಗೆ ಹಾಗೆ ಮಾಡಬೇಡಿ, ಅದು ನಿಧಾನಕ್ಕೆ ಬೆಳೆಯುವ ಜಾತಿ, ಬೋಳಾದರೆ ತುಂಬಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಮಷಿನ್ ಬ್ಲೇಡ್ ಮೊದಲೇ ಸಾಣೆ ಹಿಡಿಸಿ. ಮೊಂಡ ಬ್ಲೇಡ್ ಎಲೆಯನ್ನು ಕತ್ತರಿಸುವ ಬದಲು ಹರಿಯುತ್ತದೆ, ಮರುದಿನ ತುದಿಗಳೆಲ್ಲ ಬೆಳ್ಳಗೆ ಕಾಣುತ್ತವೆ.

ಜೇಕಿನ ಜೊತೆ ತಾಳ್ಮೆ ಬೇಕು

ಸೆಕೆ ಶುರುವಾದ ಕೂಡಲೇ ಹುಲ್ಲಿಗಿಂತ ಮೊದಲು ಏಳುವುದು ಜೇಕು ಅನ್ನುವ ಕಸ. ಇದನ್ನು ಮೇಲಿಂದ ಕಿತ್ತರೆ ಕೆಲಸ ಕೆಡುತ್ತದೆ. ಒಂದು ಗಿಡವನ್ನು ಕುರ್ಪಿಯಿಂದ ಮೆಲ್ಲಗೆ ಎಬ್ಬಿಸಿ ನೋಡಿ: ಕೆಳಗೆ ದಾರದಷ್ಟು ತೆಳ್ಳನೆ ಬೇರು, ಅದರ ತುದಿಗೆ ಕಪ್ಪು ಗಡ್ಡೆ, ಅಲ್ಲಿಂದ ಮತ್ತೊಂದು ದಾರ, ಮತ್ತೊಂದು ಗಡ್ಡೆ. ಎಳೆದಾಗ ದಾರ ಹರಿದು ಗಡ್ಡೆ ಒಳಗೇ ಉಳಿಯುತ್ತದೆ, ಉಳಿದ ಪ್ರತಿ ಗಡ್ಡೆಯೂ ಮತ್ತೆ ಚಿಗುರುತ್ತದೆ. ಅದಕ್ಕೇ ಹಿಂದಿನ ದಿನ ನೀರು ಬಿಟ್ಟು, ನೆಲ ಮೆತ್ತಗಿರುವಾಗ ಅರ್ಧ ಅಡಿ ಆಳಕ್ಕೆ ಕುರ್ಪಿ ಇಳಿಸಿ ಗಡ್ಡೆ ಸಮೇತ ತೆಗೆಯಿರಿ. ಎರಡು ವಾರ ಬಿಟ್ಟು ಮತ್ತೆ ನೋಡಿ, ಹೊಸದು ಬಂದೇ ಬಂದಿರುತ್ತದೆ. ಬಿಡದೆ ತೆಗೆಯುತ್ತಾ ಹೋದರೆ ಗಡ್ಡೆಯ ಶಕ್ತಿ ಕುಂದುತ್ತದೆ. ಗೊಬ್ಬರದಂಗಡಿಯವರು ಗ್ಲೈಫೋಸೇಟ್ ಅನ್ನುವ ಕಳೆನಾಶಕ ಕೊಟ್ಟರೆ ಲಾನ್ ಮೇಲೆ ಹೊಡೆಯಬೇಡಿ, ಅದು ಜೇಕಿನ ಜೊತೆ ಹುಲ್ಲನ್ನೂ ಕೊಲ್ಲುತ್ತದೆ. ಕಾಂಗ್ರೆಸ್ ಕಸವನ್ನು ಮಾತ್ರ ಹೂ ಬಿಡುವ ಮೊದಲೇ ಬೇರು ಸಮೇತ ಕಿತ್ತರೆ ಸಾಕು, ಕೈಗೆ ಗ್ಲೌಸ್ ಇರಲಿ.

ಮಣ್ಣು, ಗೊಬ್ಬರ

ಎರೆಭೂಮಿಯ ಲಾನ್‌ಗಳಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತವೆ. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಅಥವಾ ಎರೆಹುಳು ಗೊಬ್ಬರವನ್ನು ಜರಡಿ ಹಿಡಿದು, ಸ್ವಲ್ಪ ಉಸುಕು ಬೆರೆಸಿ ಬಿರುಕಿಗೆ ತುಂಬಿ. ಉಳಿದದ್ದನ್ನು ಲಾನ್ ಮೇಲೆ ಕಾಲು ಇಂಚಿನಷ್ಟು ತೆಳ್ಳಗೆ ಹರಡಿ ಪೊರಕೆಯಿಂದ ಎಳೆದರೆ ಹುಲ್ಲಿನ ಬುಡಕ್ಕೆ ಇಳಿಯುತ್ತದೆ. ಹಸಿ ಗೊಬ್ಬರ ಬೇಡವೇ ಬೇಡ. ಅದರ ಜೊತೆ ಕಸದ ಬೀಜ, ಗೊಣ್ಣೆಹುಳು ಎರಡೂ ಬರುತ್ತವೆ.

ಅರ್ಧದಷ್ಟು ಲಾನ್ ಹಸಿರಾದ ಮೇಲೆ ಯೂರಿಯಾ ಹಾಕಿ, ಅದಕ್ಕೂ ಮುಂಚೆ ಹಾಕಿದರೆ ಕಸಕ್ಕೇ ಊಟ. ಲೆಕ್ಕ ಸುಲಭ, 100 ಚದರ ಅಡಿಗೆ 100 ಗ್ರಾಂ. ಎಲೆ ಒಣಗಿರುವಾಗ, ಸ್ವಲ್ಪ ಉಸುಕಿನಲ್ಲಿ ಬೆರೆಸಿ, ಸಮನಾಗಿ ಎರಚಿ, ತಕ್ಷಣ ನೀರು ಬಿಡಿ. ಒಂದೇ ಕಡೆ ಜಾಸ್ತಿ ಬಿದ್ದರೆ ಅಲ್ಲಿ ಸುಟ್ಟ ಕಲೆ ಏಳುತ್ತದೆ.

ಯೂರಿಯಾ ಹಾಕಿದರೂ ಹೊಸ ಎಲೆ ಹಳದಿಯಾಗಿಯೇ ಇದೆಯಾ? ನರಗಳು ಹಸಿರು, ನಡುವೆ ಹಳದಿ ಗೆರೆ? ಸುಣ್ಣದ ಅಂಶ ಹೆಚ್ಚಿರುವ ಎರೆಮಣ್ಣಿನಲ್ಲಿ ಇದು ಸಾಮಾನ್ಯ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಇನ್ನಷ್ಟು ಯೂರಿಯಾ ಸುರಿದರೆ ಉಪಯೋಗವಿಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಒಂದು ಗ್ರಾಂ ನಿಂಬೆಹುಳಿ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಫರ್ಶಿ, ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಕೂಡುತ್ತದೆ, ಹುಷಾರು.

ನೀರು: ಇಲ್ಲಿ ಎಡವುವವರೇ ಜಾಸ್ತಿ

ದಿನಾ ಸಂಜೆ ಪೈಪ್ ಹಿಡಿದು ಹತ್ತು ನಿಮಿಷ ಚಿಮುಕಿಸುವ ಅಭ್ಯಾಸ ಎಲ್ಲ ಬಡಾವಣೆಗಳಲ್ಲೂ ಇದೆ. ಅದರಿಂದ ಮೇಲಿನ ಒಂದು ಇಂಚು ಮಾತ್ರ ಒದ್ದೆಯಾಗಿ ಬೇರು ಮೇಲೆಯೇ ಉಳಿಯುತ್ತದೆ, ಏಪ್ರಿಲ್ ಬಿಸಿಲಿಗೆ ಮೊದಲು ಸುಡುವುದೂ ಆ ಬೇರೇ. ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಬೇಕು, ಅಂದರೆ 100 ಚದರ ಅಡಿಗೆ 230 ಲೀಟರ್. ಅದನ್ನು ಎರಡು ಸಲಕ್ಕೆ ಹಂಚಿ ಬೆಳಿಗ್ಗೆ ಕೊಡಿ. ಬಿಸಿಲು ಏರಿದಂತೆ ಇನ್ನಷ್ಟು ಬೇಕಾಗಬಹುದು. ಎರೆಮಣ್ಣು ನೀರು ನಿಧಾನವಾಗಿ ಕುಡಿಯುತ್ತದೆ, ಹಾಗಾಗಿ ಸ್ವಲ್ಪ ಬಿಟ್ಟು, ಅರ್ಧ ಗಂಟೆ ಇಂಗಲು ಬಿಟ್ಟು, ಮತ್ತೆ ಬಿಡಿ. ಬೆಳಗಾವಿಯ ಕೆಂಪು ಮಣ್ಣಿಗೆ ಆ ತಾಪತ್ರಯವಿಲ್ಲ, ಆದರೆ ಅದು ಬೇಗ ಒಣಗುತ್ತದೆ. ಸಾಕಾಯಿತೋ ಇಲ್ಲವೋ ತಿಳಿಯಲು ಸ್ಕ್ರೂಡ್ರೈವರ್ ಚುಚ್ಚಿ, ನಾಲ್ಕೈದು ಇಂಚು ಸಲೀಸಾಗಿ ಇಳಿದರೆ ಸಾಕು. ನಡೆದು ಹೋದ ಮೇಲೆ ಹೆಜ್ಜೆ ಗುರುತು ಹಾಗೇ ಉಳಿದರೆ ಹುಲ್ಲಿಗೆ ಬಾಯಾರಿದೆ.

ಬೋರ್ ನೀರಿನಲ್ಲಿ ಉಪ್ಪು ಜಾಸ್ತಿ ಇದ್ದರೆ ನೆಲದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಆಗ ಮಣ್ಣು, ನೀರು ಎರಡನ್ನೂ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಓಣಿಯಲ್ಲಿ ಲಾನ್‌ಗೆ ನೀರು ಸುರಿಯುವುದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಗರಿಕೆ ಇದ್ದರೆ ಏಪ್ರಿಲ್, ಮೇನಲ್ಲಿ ಕಂದಾಗಲು ಬಿಡಿ. ಎರಡು ಮೂರು ವಾರಕ್ಕೊಮ್ಮೆ ಬುಡ ನೆನೆಯುವಷ್ಟು ಕೊಟ್ಟರೆ ಬೇರು ಉಳಿದುಕೊಂಡು ಮಳೆಗೆ ತಾನೇ ಏಳುತ್ತದೆ. ಮೆಕ್ಸಿಕನ್ ಹುಲ್ಲಿಗೆ ಅಷ್ಟು ತಾಳಿಕೆ ಇಲ್ಲ, ಅದನ್ನು ನೆರಳು ಬೀಳುವ ಸಣ್ಣ ಜಾಗಕ್ಕಷ್ಟೇ ಇಟ್ಟುಕೊಳ್ಳಿ.

ಬೋಳು ಜಾಗ

ಕಡ್ಡಿ ಚುಚ್ಚಿದ ಜಾಗದ ಮಣ್ಣು ಸಡಿಲಿಸಿ, ಸ್ವಲ್ಪ ಬೇವಿನ ಹಿಂಡಿ ಬೆರೆಸಿ. ನಿಮ್ಮದೇ ಲಾನ್‌ನ ಅಂಚಿನಿಂದ ಬೇರಿರುವ ಬಳ್ಳಿ ತಂದು ಮೂರು ಇಂಚಿಗೊಂದರಂತೆ ನೆಟ್ಟು ಗಟ್ಟಿಯಾಗಿ ಒತ್ತಿ. ಇವಕ್ಕೆ ಮಾತ್ರ ಮೊದಲ ಎರಡು ವಾರ ದಿನಾ ನೀರು ಬೇಕು. ಅಷ್ಟು ನೀರಿಲ್ಲದಿದ್ದರೆ ಸುಮ್ನೆ ಈಗ ನೆಡಬೇಡಿ, ಜೂನ್ ಮೊದಲ ವಾರದ ಮಿರಗದ (ಮೃಗಶಿರಾ) ಮಳೆಗೆ ಕಾಯಿರಿ. ಆಗ ನೆಟ್ಟ ಗರಿಕೆ ಹೆಚ್ಚು ಆರೈಕೆ ಕೇಳದೆ ಹಬ್ಬುತ್ತದೆ.